ನಡುಗಿದ್ದು ಗಾಡಿ, ನನ್ನ ಕೈಯಲ್ಲ

ಕೊನೆಗೂ ನನ್ನ ಹಳೇ ಯೆಜ್ಡಿ ರೋಡ್‌ಕಿಂಗ್ ಬೈಕಿನ ಸ್ವಿಂಗ್ ಆರ್ಮ್ ಬುಶ್ ಹೊರಗೆ ಬಂತು. ಸ್ವಿಂಗ್ ಆರ್ಮ್ ಅಂದರೆ ಹಿಂದಿನ ಚಕ್ರ ಹಿಡಿದಿರುವ ತೋಳು; ಅದು ಫ್ರೇಮಿಗೆ ಸೇರುವ ಕಡೆ ಪಿನ್ನಿನ ಸುತ್ತ ಕೂರುವ ಲೋಹದ ಕೊಳವೆಯೇ ಬುಶ್. ಊಟದ ಮೇಜಿನ ಮೇಲೆ ಹಳೇ ಪೇಪರ್ ಹಾಸಿ ಬುಶ್, ಪಿನ್ ಎರಡನ್ನೂ ಮುಂದೆ ಇಟ್ಟುಕೊಂಡು ಕೂತಿದ್ದೇನೆ. ಬುಶ್‌ನ ತೂತು ದುಂಡಗೆ ಇಲ್ಲ, ಮೊಟ್ಟೆ ಥರ ಆಗಿದೆ. ಅಳೆಯೋದೇ ಬೇಡ, ಬರಿಗಣ್ಣಿಗೇ ಕಾಣುತ್ತದೆ. ಇದನ್ನು ಬಿಟ್ಟು ಆ ಮೆಕ್ಯಾನಿಕ್ ಉಳಿದದ್ದನ್ನೆಲ್ಲ ಬದಲಾಯಿಸಿದ. ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್) ಹೋಗಿದೆ ಅಂದ, ಹಾಕಿಸಿದೆ. ಹಿಂದಿನ ಚಕ್ರದ ಬೇರಿಂಗ್ ಅಂದ, ಹಾಕಿಸಿದೆ. ಶಾಕ್ ಅಬ್ಸಾರ್ಬರ್ ಅಂದ, ಟೈರ್ ಅಂದ, ಎಲ್ಲಾ ಆಯ್ತು. ಪ್ರತಿ ಸಲ ದುಡ್ಡು ಎಣಿಸಿ ಕೊಟ್ಟೆ. ಪ್ರತಿ ಸಲ ಚಾಮುಂಡಿ ಬೆಟ್ಟ ಇಳಿಯುವಾಗ ತಿರುವಿನಲ್ಲಿ ಹಿಂದಿನ ಚಕ್ರ ಅದೇ ಹಳೇ ಆಟ ಆಡಿತು. ನಾನು ಎಡಕ್ಕೆ ವಾಲಿದರೆ ಅದು ಒಂದು ಕ್ಷಣ ಯೋಚನೆ ಮಾಡಿ ಆಮೇಲೆ ಬರುತ್ತಿತ್ತು. ಆಕ್ಸಿಲರೇಟರ್ ಬಿಟ್ಟು ಮತ್ತೆ ಕೊಟ್ಟರೆ ಸೀಟಿನ ಕೆಳಗೆ ಟಕ್ ಅಂತ ಒಂದು ಶಬ್ದ.

ಆ ದಿನದ್ದು ಮಾತ್ರ ತಲೆಯಿಂದ ಹೋಗುತ್ತಲೇ ಇಲ್ಲ.

ಅಂಗಡಿ ತುಂಬ ಜನ. ಸರ್ವಿಸ್‌ಗೆ ಬಿಟ್ಟ ಹುಡುಗರು, ಟೀ ಕುಡಿಯುತ್ತಾ ನಿಂತವರು. ನಾನು ಮೆಲ್ಲಗೇ ಹೇಳಿದೆ, "ಒಂದ್ಸಲ ಸ್ವಿಂಗ್ ಆರ್ಮ್ ಬುಶ್ ನೋಡಿಬಿಡಿ, ನನಗ್ಯಾಕೋ ಅದರ ಮೇಲೇ ಅನುಮಾನ" ಅಂತ. ಅವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗೆ ಇಡಲಿಲ್ಲ. ನನ್ನ ಕಡೆ ತಿರುಗಲೂ ಇಲ್ಲ. "ಸಾರ್, ನಡುಗ್ತಿರೋದು ಗಾಡಿ ಅಲ್ಲ, ನಿಮ್ಮ ಕೈ. ವಯಸ್ಸಾಯ್ತು. ಇದನ್ನ ಮಾರಿ ಒಂದು ಎಲೆಕ್ಟ್ರಿಕ್ ಸ್ಕೂಟರ್ ತಗೊಳ್ಳಿ" ಅಂದ. ಟೀ ಲೋಟ ಹಿಡಿದಿದ್ದವನೊಬ್ಬ ನಕ್ಕ. ಅವನು ನಕ್ಕಿದ್ದು ನೋಡಿ ಇನ್ನಿಬ್ಬರು ನಕ್ಕರು. ನನ್ನ ಮಗನಿಗಿಂತ ಚಿಕ್ಕ ಹುಡುಗ ಒಬ್ಬ ಹತ್ತಿರ ಬಂದು ಟ್ಯಾಂಕ್ ಸವರಿ, "ಅಂಕಲ್, ಕೊಡೋದಾದ್ರೆ ನನಗೇ ಹೇಳಿ" ಅಂದ. ನಾನು ಏನೂ ಮಾತಾಡಲಿಲ್ಲ. ಹ್ಯಾಂಡಲ್ ಮೇಲಿದ್ದ ನನ್ನ ಕೈ ನೋಡಿಕೊಂಡೆ. ಅಷ್ಟು ಜನರ ಎದುರಿಗೆ ನನ್ನ ಕೈಯನ್ನು ನಾನೇ ಪರೀಕ್ಷೆ ಮಾಡಿಕೊಂಡೆ! ಆ ರಾತ್ರಿ ಅಡುಗೆಮನೆಯಲ್ಲಿ ಲೋಟದ ತುಂಬ ನೀರು ತುಂಬಿಸಿ, ತೋಳು ಚಾಚಿ ಹಿಡಿದು, ನೀರು ಅಲ್ಲಾಡುತ್ತಾ ಅಂತ ನೋಡಿದೆ. ಒಬ್ಬ ಮನುಷ್ಯನನ್ನು ಈ ಸ್ಥಿತಿಗೆ ತರುವ ಹಕ್ಕು ಅವನಿಗೆ ಯಾರು ಕೊಟ್ಟರು?

ನೋಡೋಕೆ ಎಷ್ಟು ಹೊತ್ತು ಬೇಕಿತ್ತು ಹೇಳಿ. ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ನೆಲ ಬಿಟ್ಟಿದೆಯಾ ನೋಡಬೇಕು. ಒಂದು ಕೈಯಲ್ಲಿ ಫ್ರೇಮ್, ಇನ್ನೊಂದು ಕೈಯಲ್ಲಿ ಸ್ವಿಂಗ್ ಆರ್ಮಿನ ತುದಿ ಹಿಡಿದು ಎಡಕ್ಕೆ ಬಲಕ್ಕೆ ಜಗ್ಗಬೇಕು, ಅಷ್ಟೇ. ಚಕ್ರ ಹಿಡಿದು ಜಗ್ಗಿದಾಗ ಸ್ವಿಂಗ್ ಆರ್ಮ್ ಗಟ್ಟಿಯಾಗಿ ನಿಂತು ಚಕ್ರ ಮಾತ್ರ ಅಲ್ಲಾಡಿದರೆ ಚಕ್ರದ ಬೇರಿಂಗ್. ಚಕ್ರದ ಜೊತೆ ಸ್ವಿಂಗ್ ಆರ್ಮೂ ಅಲ್ಲಾಡಿದರೆ ಪಿವೋಟ್, ಅಂದರೆ ಬುಶ್, ಪಿನ್ ಕೂತಿರುವ ಜಾಗ. ಇನ್ನೂ ಅನುಮಾನ ಇದ್ದರೆ ಸ್ವಿಂಗ್ ಆರ್ಮ್ ಮತ್ತು ಫ್ರೇಮ್ ಸೇರುವ ಸಂದಿಯ ಮೇಲೆ ಬೆರಳಿಟ್ಟು ಯಾರಿಗಾದರೂ ಜಗ್ಗೋಕೆ ಹೇಳಿದರೆ ಆ ಟಕ್ ಬೆರಳಿಗೇ ತಾಗುತ್ತದೆ. ಶಾಕ್‌ಗಳ ಕೆಳಗಿನ ಬೋಲ್ಟ್ ಬಿಚ್ಚಿ, ಚಕ್ರ ತೆಗೆದು ನೋಡಿದರೆ ಇನ್ನೂ ಸ್ಪಷ್ಟ. ಬೇರೆ ಎಷ್ಟೋ ಗಾಡಿಗಳಲ್ಲಿ ಈ ಜಾಗದಲ್ಲಿ ನೀಡಲ್ ಬೇರಿಂಗ್ (ಸೂಜಿಯಂಥ ಸಣ್ಣ ರೋಲರ್‌ಗಳದ್ದು) ಇರುತ್ತದೆ, ನನ್ನ ರೋಡ್‌ಕಿಂಗ್‌ನಲ್ಲಿ ಬುಶ್. ಯಾವುದೇ ಇರಲಿ, ಸ್ವಿಂಗ್ ಆರ್ಮ್ ಪೂರ್ತಿ ಸುತ್ತು ತಿರುಗುವುದಿಲ್ಲ, ಸ್ವಲ್ಪ ಮೇಲೆ ಸ್ವಲ್ಪ ಕೆಳಗೆ ಆಡುತ್ತದೆ, ಅದಕ್ಕೇ ಒಂದೇ ಕಡೆ ಸವೆಯುತ್ತದೆ. ಇದು ಕಸುಬು ಗೊತ್ತಿದ್ದವನಿಗೆ ನಾನು ಹೇಳಿಕೊಡಬೇಕಾದ ವಿಷಯವಾ?

ಬುಶ್ ನೋಡದಿದ್ದರೂ ಒಂದು ಕೆಲಸ ಮಾಡಿದ್ದ ಮಹಾನುಭಾವ. ಒಳಗೆ ಗ್ರೀಸ್ ತುಂಬಿದ್ದ. ಗಟ್ಟಿ ಗ್ರೀಸ್ ಸಂದಿಯಲ್ಲಿ ಕೂತು ಆಟ, ಅಂದರೆ ಸಡಿಲಾಗಿ ಅಲ್ಲಾಡುವುದು, ಕಡಿಮೆ ಆದ ಹಾಗೆ ಅನ್ನಿಸುತ್ತದೆ, ಸ್ವಲ್ಪ ದಿನ ಕಳೆದ ಮೇಲೆ ಮತ್ತೆ ಅದೇ ಕಥೆ. ಪಿನ್ ತೆಗೆಯೋಕೆ ಪ್ರಯತ್ನ ಪಟ್ಟಿದ್ದ ಅಂತ ಕಾಣುತ್ತೆ, ತುದಿಗೆ ನೇರ ಸುತ್ತಿಗೆಯಲ್ಲೇ ಬಾರಿಸಿ ಅಂಚು ಹರಡಿಹೋಗಿದೆ. ಹಿತ್ತಾಳೆ ಡ್ರಿಫ್ಟ್ (ಮೆತ್ತನೆ ಲೋಹದ ಸರಳು) ಇಟ್ಟು ಹೊಡೆಯಬೇಕು ಅನ್ನೋದು ಗೊತ್ತಿಲ್ವಾ? ಆಮೇಲೆ ನಾನು ಹೋದ ಲೇತ್ ಅಂಗಡಿಯವರು ಆ ಹರಡಿದ ಅಂಚನ್ನು ಮೊದಲು ಅರದಲ್ಲಿ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯೆಲ್ಲ ಬಿಟ್ಟು, ಬಿಸಿ ಮಾಡಿ, ಆಮೇಲೆ ಪ್ರೆಸ್ಸಿಗೆ ಕೊಟ್ಟರು. ಹೊರಗೆ ಬಂದ ಪಿನ್ ಮೇಲೆ ಉಗುರು ಎಳೆದು ನೋಡಿದೆ. ಬುಶ್ ಕೂತಿದ್ದ ಜಾಗದಲ್ಲಿ ಉಗುರು ಸಿಕ್ಕಿಕೊಳ್ಳುತ್ತದೆ. ಅಷ್ಟು ಮೆಟ್ಟಿಲು ಬಿದ್ದಿದೆ.

ಹೋಗಲಿ ಬಿಡು ಅನ್ನಿಸುತ್ತದೆ ಒಂದೊಂದು ಸಲ. ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ಇವತ್ತಿನ ಹುಡುಗರು ಯೆಜ್ಡಿ ಬಿಚ್ಚಿ ಕಲಿತವರಲ್ಲ, ಅವರಿಂದ ಏನು ನಿರೀಕ್ಷೆ ಮಾಡೋದು. ನಾನು ಇನ್ನು ಆ ಕಡೆ ತಲೆ ಹಾಕುವುದಿಲ್ಲ, ಮುಗೀತು.

ಇಲ್ಲ, ಮುಗಿಯಲಿಲ್ಲ. ಇದೇ ಊರಲ್ಲಿ ಹುಟ್ಟಿದ ಗಾಡಿ ಇದು. ಇದೇ ಊರಲ್ಲಿ ಅದರ ರೋಗ ಕಂಡುಹಿಡಿಯೋಕೆ ಯಾರೂ ಇಲ್ಲ ಅಂದರೆ ಹೇಗೆ? ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಲಿ, ನಾನು ಕೈ ಮುಗಿದು ಬೇರೆ ಕಡೆ ಹೋಗುತ್ತಿದ್ದೆ. ಗೊತ್ತಿಲ್ಲದ್ದನ್ನು ನನ್ನ ವಯಸ್ಸಿನ ಮೇಲೆ ಯಾಕೆ ಹಾಕಿದ? ತಿರುವಿನಲ್ಲಿ ಎದುರಿಗೆ ಬಸ್ ಬಂದು ನಾನು ಬಿದ್ದಿದ್ದರೆ ಆಗಲೂ "ವಯಸ್ಸಾಗಿತ್ತು" ಅಂತಲೇ ಎಲ್ಲರೂ ಹೇಳುತ್ತಿದ್ದರು. ಸವೆದ ಬುಶ್ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಕೋಪಕ್ಕಿಂತ ಜಾಸ್ತಿ ಇದೇ ಹೆದರಿಸುತ್ತದೆ ನನಗೆ. ಬೇಡದ ಕೋನ್ ಸೆಟ್ಟಿನ ದುಡ್ಡು, ಶಾಕ್‌ಗಳ ದುಡ್ಡು ಯಾರು ವಾಪಸ್ ಕೊಡುತ್ತಾರೆ? ಯಾರಾದರೂ ಉತ್ತರ ಕೊಡಿ, ಯಾರಾದರೂ ಸರಿ.

ಗನ್‌ಮೆಟಲ್ (ತಾಮ್ರದ ಮಿಶ್ರಲೋಹ) ಬುಶ್ ಲೇತ್‌ನವರೇ ಮಾಡಿಕೊಡುತ್ತಾರಂತೆ. ಪ್ರೆಸ್ ಮಾಡಿ ಕೂರಿಸಿದ ಮೇಲೆ ಒಳಗಿನ ತೂತು ಸ್ವಲ್ಪ ಕುಗ್ಗುತ್ತದೆ, ಆಮೇಲೆ ಪಿನ್ ಅಳತೆಗೆ ರೀಮರ್ (ತೂತನ್ನು ಸರಿಯಾದ ಅಳತೆಗೆ ಕೊರೆಯುವ ಉಪಕರಣ) ಹಾಕಬೇಕು ಅಂತ ಅವರೇ ಹೇಳಿದರು, ನಾನು ಕೇಳುವ ಮೊದಲೇ. ಆ ಒಂದು ಮಾತಿಗೆ ಅವರ ಮೇಲೆ ನಂಬಿಕೆ ಬಂತು. ಆದರೆ ಮೆಟ್ಟಿಲು ಬಿದ್ದ ಈ ಪಿನ್ನಿಗೆ ಹೊಸ ಬುಶ್ ಹಾಕಿದರೆ ಸುಮ್ನೆ ದಂಡ, ಆಟ ಹಾಗೇ ಉಳಿಯುತ್ತದೆ. ರೋಡ್‌ಕಿಂಗ್ ಸ್ವಿಂಗ್ ಆರ್ಮ್ ಪಿನ್, ಸರಿಯಾಗಿ ಹಾರ್ಡನಿಂಗ್ ಮಾಡಿ ಗ್ರೈಂಡ್ ಮಾಡಿದ್ದು, ಎಲ್ಲಿ ಸಿಗುತ್ತದೆ? ಮೈಸೂರಾದರೂ ಸರಿ, ಬೆಂಗಳೂರಿನ ಜೆ.ಸಿ. ರಸ್ತೆಯಾದರೂ ಸರಿ, ಬಸ್ ಹತ್ತಿ ಬರುತ್ತೇನೆ. ಗಾಡಿ ಮಾರಿಬಿಡಿ ಅನ್ನುವವರು ಮಾತ್ರ ದಯವಿಟ್ಟು ಉತ್ತರ ಕೊಡಬೇಡಿ.