ನೂರಕ್ಕೆ ನೂರರ ಹೊಟ್ಟೆಯುಬ್ಬರ

ಕಂಪನಿಗಳೆಲ್ಲ ಫೋನನ್ನು ತೆಳ್ಳಗೆ ಮಾಡುವ ಪೈಪೋಟಿಗೆ ಬಿದ್ದಿರುವಾಗ ನಮ್ಮ ದೊಡ್ಡಪ್ಪನ ಫೋನು ಮಾತ್ರ ದಪ್ಪಗಾಗತೊಡಗಿತು. ಮೊದಲು ಮೇಜಿನ ಮೇಲಿಟ್ಟರೆ ಅಲ್ಲಾಡಿತು. ಆಮೇಲೆ ಡಿಸ್ಪ್ಲೇಯ ಒಂದು ಅಂಚು ಮೇಲೆದ್ದು ಸಂದಿನಿಂದ ಬೆಳಕು ಇಣುಕಿತು. "ಗೋಂದು ಬಿಟ್ಟಿದೆ" ಎಂದು ದೊಡ್ಡಪ್ಪ ತೀರ್ಪು ಕೊಟ್ಟರು. ಗೋಂದು ಬಿಟ್ಟ ಯಾವುದೇ ವಸ್ತುವಿಗೆ ಅವರ ಬಳಿ ಇರುವುದು ಒಂದೇ ಚಿಕಿತ್ಸೆ: ಎರಡು ರಬ್ಬರ್ ಬ್ಯಾಂಡ್ ಬಿಗಿದು, ಮೇಲೆ ದಪ್ಪನೆಯ ನಿಘಂಟು ಹೇರಿ ರಾತ್ರಿಯಿಡೀ ಬಿಡುವುದು. ಅದೂ ಚಾರ್ಜರ್ ಸಿಕ್ಕಿಸಿಕೊಂಡೇ!

ನಿಘಂಟಿನ ಅಡಿಯಿಂದ ವೈರು ಹೊರಬಂದಿರುವುದನ್ನು ಕಂಡು ನನ್ನ ಎದೆ ಧಸಕ್ಕೆಂದಿತು. "ದೊಡ್ಡಪ್ಪಾ, ಮೊದಲು ಅದನ್ನು ತೆಗೀರಿ. ಗೋಂದಲ್ಲ, ಬ್ಯಾಟರಿ ಉಬ್ಬಿದೆ" ಎಂದೆ. "ಉಬ್ಬಿದೆ ಅಂತಲೇ ಒತ್ತುತ್ತಿರೋದು ಕಣೋ" ಎಂದರು. ನಿವೃತ್ತ ಗಣಿತದ ಮೇಷ್ಟ್ರ ತರ್ಕಕ್ಕೆ ಎದುರಾಡುವುದು ಕಷ್ಟ.

ಅಷ್ಟರಲ್ಲಿ ಮನೆಮಂದಿಯೆಲ್ಲ ತಜ್ಞರಾಗಿದ್ದರು. ಸೂಜಿಯಲ್ಲಿ ಚುಚ್ಚಿ ಗಾಳಿ ಬಿಟ್ಟರಾಯಿತು ಎಂದು ಒಬ್ಬ. ಫ್ರಿಜ್‌ನಲ್ಲಿಟ್ಟರೆ ಊತ ಇಳಿಯುತ್ತದೆ ಎಂದು ದೊಡ್ಡಮ್ಮ. ಮಂಡಿನೋವಿಗೆ ಅವರು ಹಾಗೇ ಮಾಡುತ್ತಾರಂತೆ. ಫ್ರಿಜ್‌ನಿಂದ ಊತವಂತೂ ಇಳಿಯುವುದಿಲ್ಲ, ಹೊರತೆಗೆದಾಗ ಫೋನಿನೊಳಗೆ ತೇವ ಕೂರುತ್ತದೆ ಅಷ್ಟೇ. ಸೂಜಿಯ ಸಲಹೆಯದು ಬೇರೆಯೇ ದರ್ಜೆ. ಬ್ಯಾಟರಿಯೊಳಗೆ ಧನ ಋಣ ಪದರಗಳನ್ನು ಬೇರೆಯಾಗಿ ಇಟ್ಟಿರುವುದು ಕೂದಲಿಗಿಂತ ತೆಳುವಾದ ಒಂದು ಪ್ಲಾಸ್ಟಿಕ್ ಹಾಳೆ. ಸೂಜಿ ಅದನ್ನು ದಾಟಿದರೆ ಒಳಗೇ ಶಾರ್ಟ್ ಆಗಿ, ಕಾವು ಕಾವನ್ನು ಹುಟ್ಟಿಸುತ್ತಾ ಹೋಗಿ, ಬೆಂಕಿ. ನಿಘಂಟಿನ ಭಾರಕ್ಕೂ ಆ ಸಾಮರ್ಥ್ಯವಿದೆ ಎಂದಾಗ ದೊಡ್ಡಪ್ಪ ನಿಘಂಟನ್ನು ಎತ್ತಿಕೊಂಡರು, ಅದು ಸುಟ್ಟರೆ ಎಂಬ ಚಿಂತೆಯಿಂದ.

ಹಾಗಾದರೆ ಒಳಗಿರುವುದೇನು? ಫೋನಿನ ಬ್ಯಾಟರಿಗೆ ಸಾಮಾನ್ಯವಾಗಿ ಗಟ್ಟಿ ಡಬ್ಬಿಯಿರುವುದಿಲ್ಲ. ಅಲ್ಯೂಮಿನಿಯಂ ಮತ್ತು ಪ್ಲಾಸ್ಟಿಕ್ ಪದರಗಳ ತೆಳು ಚೀಲ, ಅದರೊಳಗೆ ಲಿಥಿಯಂ ಲವಣ ಕರಗಿಸಿದ, ಸುಲಭವಾಗಿ ಹೊತ್ತಿಕೊಳ್ಳುವ ಒಂದು ದ್ರಾವಣ. ಎಲೆಕ್ಟ್ರೋಲೈಟ್ ಅನ್ನುವುದು ಇದನ್ನೇ. ಕಾವು ಹೆಚ್ಚಾದಾಗ, ವೋಲ್ಟೇಜ್ ಏರಿಯೇ ಇದ್ದಾಗ, ಅಥವಾ ಬರೀ ವಯಸ್ಸಾಗಿ, ಈ ದ್ರಾವಣ ಒಡೆದು ಕಾರ್ಬನ್ ಡೈಆಕ್ಸೈಡ್, ಕಾರ್ಬನ್ ಮಾನಾಕ್ಸೈಡ್, ಎಥಿಲೀನ್, ಹೈಡ್ರೋಜನ್ ಮುಂತಾದ ಅನಿಲಗಳಾಗುತ್ತದೆ. ಸುತ್ತಲೂ ಸೀಲ್ ಮಾಡಿದ ಚೀಲದಿಂದ ಅವು ಹೋಗುವುದೆಲ್ಲಿಗೆ? ಚೀಲ ದಿಂಬಿನಂತೆ ಉಬ್ಬಿ ಡಿಸ್ಪ್ಲೇಯನ್ನು ಎತ್ತುತ್ತದೆ. ಅಂದಹಾಗೆ, ಇದು ಬ್ಯಾಟರಿಗೆ ಹುಟ್ಟುಗುಣ. ಕಾರ್ಖಾನೆಯಲ್ಲಿ ಮೊದಲ ಸಲ ಚಾರ್ಜ್ ಮಾಡುವಾಗಲೇ ಅದು ಒಂದಿಷ್ಟು ಅನಿಲ ಬಿಡುತ್ತದೆ. ಅದನ್ನು ಹೊರತೆಗೆದು, ಚೀಲವನ್ನು ಮತ್ತೆ ಸೀಲ್ ಮಾಡಿಯೇ ಮಾರಾಟಕ್ಕೆ ಕಳಿಸುತ್ತಾರೆ. ಉಳಿದ ಅನಿಲವನ್ನು ಬರಿಸುವುದು ನಮ್ಮ ಕೈಗುಣ.

ದೊಡ್ಡಪ್ಪನ ಕೈಗುಣ ಏನೆಂದರೆ ನೂರಕ್ಕೆ ನೂರು. ತೊಂಬತ್ತೆಂಟು ತೆಗೆದ ಹುಡುಗನನ್ನು "ಆ ಎರಡು ಎಲ್ಲೋಯ್ತು?" ಎಂದು ಕೇಳುತ್ತಿದ್ದವರು ಅವರು. ಫೋನು 97 ತೋರಿಸಿದರೂ ಸಾಕು, ಎದ್ದು ಹೋಗಿ ಪಿನ್ ಚುಚ್ಚುತ್ತಾರೆ. ರಾತ್ರಿ ಚಾರ್ಜಿಗೆ ಹಾಕಿದ ಫೋನನ್ನು ದಿಂಬಿನಡಿಯಲ್ಲೇ ಇಟ್ಟುಕೊಳ್ಳುತ್ತಾರೆ, ಅದೂ ಪರ್ಸಿನಂಥ ದಪ್ಪ ಕವರಿನೊಳಗೆ. ಹಗಲು ಚಾರ್ಜಿನಲ್ಲಿಟ್ಟೇ ವಿಡಿಯೋ. ಪ್ರತಿ ಭಾನುವಾರ ಒಮ್ಮೆ ಪೂರ್ತಿ ಸೊನ್ನೆಗಿಳಿಸಿ ಮತ್ತೆ ನೂರಕ್ಕೇರಿಸುವ ವ್ರತವೂ ಉಂಟು. ಈ ಕೊನೆಯದು ಹಳೆಯ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ ಪದ್ಧತಿ. ಅರ್ಧ ಖಾಲಿಯಾದಾಗಲೇ ಚಾರ್ಜ್ ಮಾಡುತ್ತಿದ್ದರೆ ಅವು ಕ್ರಮೇಣ ಅಷ್ಟಕ್ಕೇ ಒಗ್ಗಿಹೋಗಬಹುದಿತ್ತು. ಲಿಥಿಯಂ ಅಯಾನ್ ಬ್ಯಾಟರಿಗೆ ಆ ಕಾಯಿಲೆಯಿಲ್ಲ. ಅದಕ್ಕೆ ಈ ಉಪವಾಸವೇ ಕಾಯಿಲೆ.

"ರಾತ್ರಿಯಿಡೀ ಚಾರ್ಜಿಗೆ ಹಾಕಿದರೆ ಓವರ್‌ಚಾರ್ಜ್ ಆಗಿ ಸಿಡಿಯುತ್ತದೆ" ಎನ್ನುವುದು ಅರ್ಧಸತ್ಯ. ತುಂಬಿದೊಡನೆ ಕರೆಂಟು ನಿಲ್ಲಿಸುವ ಸರ್ಕ್ಯೂಟು ಫೋನಿನಲ್ಲಿದೆ. ತೊಂದರೆ ತುಂಬುವುದರಲ್ಲಿಲ್ಲ, ತುಂಬಿಕೊಂಡೇ ಕೂರುವುದರಲ್ಲಿದೆ. ಪೂರ್ತಿ ತುಂಬಿದ ಸೆಲ್ಲಿನ ವೋಲ್ಟೇಜ್ ಸುಮಾರು 4.2ರಿಂದ 4.4. ಆ ಎತ್ತರದಲ್ಲಿ ಎಲೆಕ್ಟ್ರೋಲೈಟ್ ಬೇಗ ಹಾಳಾಗುತ್ತದೆ. ಜೊತೆಗೆ ದಿಂಬಿನಡಿಯ ಕಾವು ಸೇರಿದರೆ ಕೇಳುವುದೇ ಬೇಡ. ಬಿಸಿಲಲ್ಲಿ ನಿಂತ ಕಾರಿನೊಳಗೆ ತುಂಬಿದ ಫೋನು ಬಿಟ್ಟುಹೋಗುವವರು ಇದೇ ಪ್ರಯೋಗವನ್ನು ಇನ್ನೂ ಚುರುಕಾಗಿ ಮಾಡುತ್ತಿರುತ್ತಾರೆ. ನನ್ನನ್ನು ಕೇಳಿದರೆ, ಚಾರ್ಜಿನ ಅಂಕಿಗಿಂತ ಕಾವಿಗೇ ಹೆಚ್ಚು ಹೆದರಬೇಕು. ಚಾರ್ಜ್ ಆಗುವಾಗ ಫೋನು ಕೈಗೆ ಬಿಸಿ ಹತ್ತಿದರೆ ಕವರ್ ಕಳಚಿ, ಆಟ ನಿಲ್ಲಿಸಿ, ಗಟ್ಟಿ ಮೇಜಿನ ಮೇಲಿಟ್ಟು ಸುಮ್ಮನಿರಬೇಕು. ಸುಮ್ಮನಿರುವುದೇ ಕಷ್ಟ ಎನ್ನುವುದು ಬೇರೆ ಮಾತು.

ಇಷ್ಟೆಲ್ಲ ಹೇಳಿದ್ದಕ್ಕೆ ದೊಡ್ಡಪ್ಪ, "ಹಾಗಾದ್ರೆ ಇದನ್ನು ಕಂಡುಹಿಡಿದವನಿಗೆ ಬುದ್ಧಿ ಇರಲಿಲ್ವೇನೋ?" ಎಂದರು. ಇತ್ತು. ಈ ಬ್ಯಾಟರಿಗಾಗಿ 2019ರಲ್ಲಿ ಮೂವರಿಗೆ ನೊಬೆಲ್ ಬಂತು. ಅವರಲ್ಲಿ ಜಾನ್ ಗುಡ್‌ಇನಫ್‌ಗೆ ಆಗ 97 ವರ್ಷ. ಅಷ್ಟು ವಯಸ್ಸಿನಲ್ಲಿ ಬೇರಾರಿಗೂ ನೊಬೆಲ್ ಬಂದದ್ದಿಲ್ಲ. ನೂರು ತುಂಬಿದ ಮೇಲೆ, 2023ರಲ್ಲಿ ತೀರಿಕೊಂಡರು. ದೊಡ್ಡಪ್ಪನ ಮುಖ ಅರಳಿತು: "ನೋಡು, ಅವರು ಮಾತ್ರ ನೂರು ಮುಟ್ಟಬಹುದು!"

ಉಬ್ಬಿದ ಫೋನನ್ನು ಸ್ವಿಚ್ ಆಫ್ ಮಾಡಿ, ಒತ್ತದೆ, ಬಗ್ಗಿಸದೆ, ಹತ್ತಿಕೊಳ್ಳುವ ಸಾಮಾನುಗಳಿಂದ ದೂರ, ಬರಿ ನೆಲದ ಮೇಲೆ ಇಟ್ಟೆವು. ಆಮೇಲೆ ಸರ್ವಿಸ್ ಸೆಂಟರಿಗೆ ಒಯ್ದದ್ದಾಯಿತು. ಕಸದ ಬುಟ್ಟಿಗೆ ಹಾಕುವ ಹಾಗಿಲ್ಲ. ಕಸದ ಗಾಡಿಯಲ್ಲಿ ಅದು ಜಜ್ಜಿದರೆ ಅಲ್ಲೇ ಬೆಂಕಿ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಬೇಕು. ಹೊಸದು ಹಾಕಿಸುವಾಗ ಅಗ್ಗದ ನಕಲಿ ಬ್ಯಾಟರಿಯ ಆಸೆಯನ್ನೂ ಅಲ್ಲೇ ಬಿಟ್ಟು ಬಂದೆವು. ಮನೆಗೆ ಬಂದು ಸೆಟ್ಟಿಂಗ್ಸ್‌ನಲ್ಲಿ 80ಕ್ಕೆ ಚಾರ್ಜ್ ನಿಲ್ಲಿಸುವ ಆಯ್ಕೆ ಒತ್ತಿದೆ. ಮಾರನೇ ದಿನವೇ ಚಾರ್ಜರ್ ಕೆಟ್ಟಿದೆ ಎಂಬ ದೂರು ಬಂತು.

ಇದೇ ನೆಪದಲ್ಲಿ ದೊಡ್ಡಮ್ಮ ಮೂಲೆಯ ಡ್ರಾಯರ್ ತೆರೆದರು. ಒಳಗೆ ದೊಡ್ಡಪ್ಪನ ಹಳೆಯ ಫೋನುಗಳ ವಂಶಾವಳಿ. ಒಂದರ ಬ್ಯಾಕ್ ಕವರ್ ತಾನಾಗೇ ಕಳಚಿ ಬಿದ್ದಿತ್ತು. ಹಿಂದೆ ರಿಪೇರಿಯವರು ಮಾಡುತ್ತಿದ್ದಂತೆ ನಾನು ಅದರ ಬ್ಯಾಟರಿಯನ್ನು ಮೇಜಿನ ಮೇಲೆ ಅಂಗಾತ ಇಟ್ಟು ಬೆರಳಲ್ಲಿ ಮೆಲ್ಲಗೆ ತಿರುಗಿಸಿದೆ. ಚಪ್ಪಟೆಯಿದ್ದದ್ದು ತಿರುಗುವುದಿಲ್ಲ. ಇದು ಗಿರ್ರನೆ ತಿರುಗಿತು.

"ಇದನ್ನು ನೂರಕ್ಕೆ ಏರಿಸಿ ಎಷ್ಟೋ ಕಾಲವಾಯ್ತಲ್ಲ, ಇದಕ್ಕೇನು ಧಾಡಿ?" ಎಂದರು ದೊಡ್ಡಪ್ಪ.

ಪೂರ್ತಿ ಖಾಲಿಯಾಗಿ ಬಿದ್ದಿದ್ದರೂ ಒಳಗೆ ಕೆಡುತ್ತದೆ, ತಾಮ್ರದ ಹಾಳೆ ಕರಗತೊಡಗುತ್ತದೆ, ಇನ್ನು ಇದನ್ನು ಚಾರ್ಜಿಗೆ ಹಾಕುವ ಯೋಚನೆಯೇ ಬೇಡ ಎಂದೆ. ಎತ್ತಿಡುವ ಫೋನಿನಲ್ಲಿ ಅರ್ಧ ಚಾರ್ಜ್ ಇರಬೇಕು, ಆಗಾಗ ತೆಗೆದು ನೋಡುತ್ತಿರಬೇಕು.

"ಅರ್ಧ ಅಂದ್ರೆ?"

"ಐವತ್ತು, ದೊಡ್ಡಪ್ಪ."

"ಐವತ್ತಾ!" ಎಂದು ಕನ್ನಡಕ ತೆಗೆದರು. "ಹಾಗೆ ಪಾಸಾಗೋರನ್ನು ನಾನು ಮನೆಯೊಳಗೆ ಬಿಟ್ಕೊಂಡೇ ಇಲ್ಲ."