ಒಂದು ಸಾಲು ಉತ್ತರ ಬರೆಯೋಕೂ ಆಗಲ್ವಾ?

‘ಹೊಸಬರು ಬನ್ನಿ’ ಅಂತ ಓಪನ್ ಸೋರ್ಸ್ (ಯಾರು ಬೇಕಾದರೂ ಕೋಡ್ ನೋಡಿ, ತಿದ್ದಿ ಕಳಿಸಬಹುದಾದ) ಪ್ರಾಜೆಕ್ಟಿನ ಮೊದಲ ಪುಟದಲ್ಲೇ ಬರೆದಿರುತ್ತಾರೆ. ಸುಲಭದ ಕೆಲಸಗಳಿಗೆ ‘ಗುಡ್ ಫಸ್ಟ್ ಇಶ್ಯೂ’ ಅಂತ ಲೇಬಲ್ ಬೇರೆ. ಅದನ್ನು ನಂಬಿ ನಮ್ಮ ಅಕ್ಕನ ಮಗಳು ಒಂದು ಓಪನ್ ಸೋರ್ಸ್ ಆ್ಯಪ್‌ಗೆ ಕೈ ಹಾಕಿದಳು.

ಅದರಲ್ಲಿ ‘ರ‍್ಯಾಂಕ್’ ಅಂತ ಟೈಪಿಸಿ ಸೇವ್ ಮಾಡಿದರೆ ‘ರ್ಯಾಂಕ್’ ಆಗುತ್ತಿತ್ತು. ರ ಅಕ್ಷರ ಅರ್ಕಾವತ್ತಾಗಿ ಹಿಂದೆ ಹೋಗಿಬಿಡುತ್ತಿತ್ತು. ಅದು ಮುಂದೆ ನಿಲ್ಲಬೇಕಾದರೆ, ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಿ ಜೀರೋ ವಿಡ್ತ್ ಜಾಯ್ನರ್ ಬೇಕು. ಕಣ್ಣಿಗೆ ಕಾಣದ ಅಕ್ಷರ ಅದು. ಆ್ಯಪ್ ಅದನ್ನು ಕಸ ಅಂತ ಅಳಿಸುತ್ತಿತ್ತು. ಎರಡು ರಾತ್ರಿ ಕೂತು ಹುಡುಕಿ, ಮೂರೇ ಸಾಲಿನಲ್ಲಿ ಸರಿ ಮಾಡಿದಳು. ಸರಿಯಾಗಿದೆಯಾ ಅಂತ ಪರೀಕ್ಷಿಸುವ ಟೆಸ್ಟ್ ಕೋಡ್ ಕೂಡ ಬರೆದು ಕಳಿಸಿದಳು.

ಮೂರು ತಿಂಗಳು ಯಾರೂ ತುಟಿ ಬಿಚ್ಚಲಿಲ್ಲ. ಆಮೇಲೆ ಬಾಟ್ (ತಾನೇ ಕೆಲಸ ಮಾಡುವ ಪ್ರೋಗ್ರಾಂ) ಬಂದು ‘ಚಟುವಟಿಕೆ ಇಲ್ಲ’ ಅಂತ ಅವಳು ಕಳಿಸಿದ್ದನ್ನು ಮುಚ್ಚಿಬಿಟ್ಟಿತು. ಅವಳು ಕೆಲಸ ಮುಗಿಸಿ ಕಾಯುತ್ತಿದ್ದಳು. ಸುಮ್ಮನಿದ್ದವರು ಯಾರು?

ಇಂಥ ಪ್ರಾಜೆಕ್ಟ್ ನೋಡಿಕೊಳ್ಳುವವರಲ್ಲೂ ಎಷ್ಟೋ ಜನ ಸಂಬಳವಿಲ್ಲದೆ, ಆಫೀಸು ಮುಗಿಸಿ ದುಡಿಯುತ್ತಾರೆ, ಗೊತ್ತು. ಇವತ್ತೇ ಕೋಡ್ ಸೇರಿಸಿ ಅಂತ ಯಾರೂ ಕೇಳುತ್ತಿಲ್ಲ. ‘ನೋಡಿದೆವು, ಸ್ವಲ್ಪ ಕಾಯಿರಿ’ ಅಂದಿದ್ದರೆ ಸಾಕಿತ್ತು, ಅಲ್ವಾ? ತಪ್ಪಿದ್ದರೆ ತಪ್ಪು ಅನ್ನಲಿ, ತಿದ್ದಿಕೊಳ್ಳುತ್ತಾಳೆ.

ಮೊನ್ನೆ ಅವಳಿಗೆ ಇನ್ನೊಂದು ಬಗ್ ತೋರಿಸಿದೆ. ‘ಬೇಡ ಮಾಮ, ಸುಮ್ನೆ ಯಾಕೆ’ ಅಂದು ಲ್ಯಾಪ್‌ಟಾಪ್ ಮುಚ್ಚಿದಳು.