ಮನಸ್ಸು ಯಾರತ್ತ ವಾಲುತ್ತದೆ, ಯಾಕೆ ವಾಲುತ್ತದೆ?

ಲೈಂಗಿಕ ಆಕರ್ಷಣೆಯ ಮಾತು ಬಂದಾಗಲೆಲ್ಲ ಜನ ಎರಡು ಪಾಳಯವಾಗುತ್ತಾರೆ. ಎಲ್ಲ ಹಾರ್ಮೋನುಗಳ ಆಟ ಅನ್ನುವವರು ಒಂದು ಕಡೆ, ಎಲ್ಲ ಸಂಸ್ಕಾರದ ಫಲ ಅನ್ನುವವರು ಇನ್ನೊಂದು ಕಡೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಎಷ್ಟೋ ಸಲ ನಮ್ಮ ಸಹಜ ಪ್ರವೃತ್ತಿಯೇ ನಾವು ಬೆಳೆದ ಬಗೆಯನ್ನು ನೋಡಿಕೊಂಡು ಕೆಲಸ ಮಾಡುತ್ತದೆ.

ಅಣ್ಣ-ತಂಗಿಯರ ನಡುವೆ ಅಂಥ ಭಾವನೆ ಸಾಮಾನ್ಯವಾಗಿ ಹುಟ್ಟುವುದಿಲ್ಲವಲ್ಲ, ಯಾಕೆ? ಧರ್ಮ ನಿಷೇಧಿಸಿದೆ, ಅದಕ್ಕೇ ಎಂದು ಥಟ್ಟನೆ ಹೇಳಿಬಿಡುತ್ತೇವೆ. ಒಳಗೆ ಆಸೆ ಇರುವುದರಿಂದಲೇ ನಿಷೇಧ ಬೇಕಾಯಿತು ಎಂದು ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ ವಾದಿಸಿದ. ಆದರೆ ಫಿನ್ಲೆಂಡಿನ ಸಮಾಜಶಾಸ್ತ್ರಜ್ಞ ಎಡ್ವರ್ಡ್ ವೆಸ್ಟರ್‌ಮಾರ್ಕ್ 1891ರಲ್ಲೇ ಬೇರೆ ಮಾತು ಹೇಳಿದ್ದ: ಎಳವೆಯಿಂದ ಒಂದೇ ಸೂರಿನಡಿ ಬೆಳೆದವರಲ್ಲಿ ಪರಸ್ಪರ ಆಕರ್ಷಣೆ ತಾನಾಗಿಯೇ ಚಿಗುರುವುದಿಲ್ಲ. ಇಸ್ರೇಲಿನ ಕಿಬ್ಬುಟ್ಸ್ ಎಂಬ ಸಾಮೂಹಿಕ ಬದುಕಿನ ಹಳ್ಳಿಗಳಲ್ಲಿ ರಕ್ತಸಂಬಂಧವೇ ಇಲ್ಲದ ಮಕ್ಕಳು ಒಟ್ಟಿಗೆ ಉಂಡು, ಮಿಂದು, ಒಂದೇ ಕೋಣೆಯಲ್ಲಿ ಮಲಗಿ ಬೆಳೆದರು. ಮುಂದೆ ಮದುವೆಯಾಗಬೇಡಿ ಎಂದು ಅವರನ್ನು ಯಾರೂ ತಡೆದಿರಲಿಲ್ಲ. ಆದರೂ ಸಂಶೋಧಕ ಜೋಸೆಫ್ ಶೆಫರ್ 2,769 ಮದುವೆಗಳ ದಾಖಲೆ ಜಾಲಾಡಿದಾಗ, ಹುಟ್ಟಿನಿಂದ ಆರು ವರ್ಷ ಬಿಡದೆ ಒಂದೇ ಗುಂಪಿನಲ್ಲಿ ಬೆಳೆದ ಜೋಡಿ ಒಂದೂ ಸಿಗಲಿಲ್ಲ.

ತೈವಾನಿನ ಕಥೆ ಇದಕ್ಕಿಂತ ಸಂಕಟದ್ದು. ಅಲ್ಲಿ ಹೆಣ್ಣುಕೂಸನ್ನು ಸೊಸೆ ಮಾಡಿಕೊಳ್ಳಲೆಂದೇ ತಂದು ಸಾಕಿ, ಜೊತೆಗೆ ಆಡಿ ಬೆಳೆದ ಹುಡುಗನಿಗೇ ಕಟ್ಟುವ ಪದ್ಧತಿಯಿತ್ತು. ಮಾನವಶಾಸ್ತ್ರಜ್ಞ ಆರ್ಥರ್ ವುಲ್ಫ್ ದಶಕಗಳ ಕಾಲ ಇಂಥ ದಾಂಪತ್ಯಗಳನ್ನು ಅಭ್ಯಾಸ ಮಾಡಿದ. ಬೇರೆ ಮದುವೆಗಳಿಗಿಂತ ಇವುಗಳಲ್ಲಿ ಮಕ್ಕಳು ಕಡಿಮೆ, ವಿಚ್ಛೇದನ ಹೆಚ್ಚು. ಸಂಪ್ರದಾಯ, ಹಿರಿಯರ ಒತ್ತಾಯ ಎಲ್ಲ ಇದ್ದೂ ದೇಹ ಒಲ್ಲೆ ಅಂದಿತು.

ಹಾಗೆಂದು ದೇಹಕ್ಕೆ ಏನನ್ನೂ ಕಲಿಸಲಾಗದು ಅಂದುಕೊಳ್ಳಬೇಡಿ. ಚೀನಾದಲ್ಲಿ ನೂರಾರು ವರ್ಷ ಐದಾರು ವರ್ಷದ ಹೆಣ್ಣುಮಕ್ಕಳ ಕಾಲ್ಬೆರಳುಗಳನ್ನು ಪಾದದಡಿಗೆ ಮಡಚಿ, ಮೂಳೆ ಮುರಿಯುವಂತೆ ಬಟ್ಟೆ ಸುತ್ತಿ ಬಿಗಿಯುತ್ತಿದ್ದರು. ಹಾಗೆ ಸೊಟ್ಟಗಾದ ಮೂರಿಂಚಿನ ಪಾದವನ್ನು ಗಂಡಸರು ಬಂಗಾರದ ತಾವರೆ ಎಂದು ಹಾಡಿ ಹೊಗಳಿದರು. ಅದನ್ನು ಕಂಡರೆ ಅವರಿಗೆ ನಿಜಕ್ಕೂ ಉದ್ರೇಕವಾಗುತ್ತಿತ್ತು, ಅದು ಸುಳ್ಳು ನಟನೆಯಲ್ಲ. 1912ರಲ್ಲಿ ಗಣರಾಜ್ಯ ಸರ್ಕಾರ ಪದ್ಧತಿಯನ್ನು ನಿಷೇಧಿಸಿತು. ಕೆಲವೇ ತಲೆಮಾರುಗಳಲ್ಲಿ ಅದೇ ಪಾದ ಕಂಡು ಜನ ಮರುಗತೊಡಗಿದರು. ಒಂದು ಮಗುವಿನ ನೋವನ್ನು ಸೌಂದರ್ಯವೆಂದು ನಂಬಿಸುವ ಶಕ್ತಿ ಸಂಸ್ಕೃತಿಗಿದೆ ಎನ್ನುವುದು ನನ್ನನ್ನು ಇವತ್ತಿಗೂ ಕಲಕುತ್ತದೆ. ತುಟಿಗೆ ತುಟಿ ಸೇರಿಸುವ ಮುತ್ತು ಕೂಡ ಎಲ್ಲ ಕಡೆ ಇರುವಂಥದ್ದಲ್ಲ. 168 ಸಂಸ್ಕೃತಿಗಳನ್ನು ಪರಿಶೀಲಿಸಿದ 2015ರ ಅಧ್ಯಯನಕ್ಕೆ ಪ್ರಣಯದ ಮುತ್ತು ಕಂಡದ್ದು ಶೇ. 46ರಲ್ಲಿ ಮಾತ್ರ.

ಇನ್ನು ಧರ್ಮ. ಇಚ್ಛೆಯ ಮಾತು ಕೇಳದೆ ಕೆರಳುವ ದೇಹವನ್ನು ಕ್ರೈಸ್ತ ಚಿಂತಕ ಸಂತ ಅಗಸ್ಟೀನ್ ಆದಿಪಾಪದ, ಅಂದರೆ ಆದಾಮನಿಂದ ಎಲ್ಲರಿಗೂ ಬಂದ ಪಾಪದ, ಗುರುತಾಗಿ ಕಂಡ. ನಮ್ಮ ಪರಂಪರೆ ಕಾಮವನ್ನು ಪುರುಷಾರ್ಥಗಳ ಸಾಲಿನಲ್ಲಿ ಕೂರಿಸಿ, ಅರಿಷಡ್ವರ್ಗದಲ್ಲೂ ಮೊದಲ ಶತ್ರುವಾಗಿ ಎಣಿಸಿತು. ಆಸೆಗೆ ಹೊಣೆಗಾರಿಕೆ ಕಲಿಸಿದ್ದು, ಕೊಟ್ಟ ಮಾತು ಉಳಿಸಿಕೊಳ್ಳಬೇಕು ಎಂದದ್ದು ಧರ್ಮಗಳು ಮಾಡಿದ ದೊಡ್ಡ ಕೆಲಸವೇ. ನನ್ನ ತಕರಾರು ಇರುವುದು ನಡತೆಯನ್ನು ಬಿಟ್ಟು ಭಾವನೆಯನ್ನೇ ಅಪರಾಧ ಮಾಡುವ ಬೋಧನೆಯ ಬಗ್ಗೆ. ಹದಿಮೂರರ ಹುಡುಗನೋ ಹುಡುಗಿಯೋ ತನ್ನಷ್ಟಕ್ಕೆ ಹುಟ್ಟಿದ ಸೆಳೆತಕ್ಕೆ ದೇವರ ಮುಂದೆ ತಲೆತಗ್ಗಿಸಿ ಅಳುವಂತೆ ಮಾಡುವುದರಲ್ಲಿ ಯಾವ ಪುಣ್ಯವೂ ಇಲ್ಲ.

ಸಲಿಂಗಿಗಳ ಪಾಲಿಗಂತೂ ಇದು ಬದುಕನ್ನೇ ಹಿಂಡಿದೆ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗಕಾಮವನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. ಹಾಗಿದ್ದೂ ಪ್ರಾರ್ಥನೆಯಿಂದ ‘ಸರಿಪಡಿಸುತ್ತೇವೆ’ ಅನ್ನುವವರು ಇನ್ನೂ ಇದ್ದಾರೆ. ಅಮೆರಿಕದಲ್ಲಿ 1976ರಲ್ಲಿ ಹುಟ್ಟಿದ ಎಕ್ಸೋಡಸ್ ಇಂಟರ್‌ನ್ಯಾಶನಲ್ ಎಂಬ ಕ್ರೈಸ್ತ ಸಂಘಟನೆ ದಶಕಗಳ ಕಾಲ ಅದನ್ನೇ ಮಾಡಿತು. ತಾವು ಭೇಟಿಯಾದವರಲ್ಲಿ ಬಹುತೇಕ ಯಾರ ಸೆಳೆತವೂ ಬದಲಾಗಿಲ್ಲ ಎಂದು ಅದರ ಅಧ್ಯಕ್ಷ ಅಲನ್ ಚೇಂಬರ್ಸ್ ಒಪ್ಪಿಕೊಂಡರು. 2013ರಲ್ಲಿ ನೊಂದವರ ಕ್ಷಮೆ ಕೇಳಿದರು, ಸಂಘಟನೆ ಬಾಗಿಲು ಮುಚ್ಚಿತು. ಇಂಥದ್ದೇ ‘ಚಿಕಿತ್ಸೆ’ಗೆ ಮಕ್ಕಳನ್ನು ಕರೆದೊಯ್ಯಲು ಹೊರಟಿರುವ ಅಪ್ಪ-ಅಮ್ಮಂದಿರು ದಯವಿಟ್ಟು ಮೊದಲು ಆ ಕ್ಷಮಾಪಣೆಯನ್ನು ಪೂರ್ತಿ ಓದಿ.